ಬೆಣ್ಣೆ ನಿಂತ ಸಂಜೆ

೧೯೬೯ರಲ್ಲಿ, ಕಾಮದಹನದ ಮರುದಿನ ಸಂಜೆ, ಮುಂಡಗೋಡದ ಹೊರಗಿನ ಟಿಬೆಟನ್ ವಸತಿಯಲ್ಲಿ ಆಳೆತ್ತರದ ಹಲಗೆಯ ಮೇಲೆ ಬೆಣ್ಣೆಯಿಂದ ಮಾಡಿದ ಒಂದು ಶಿಲ್ಪವನ್ನು ನಿಲ್ಲಿಸಲಾಯಿತು. ಅದರ ಮೇಲಿನ ಭಾಗವನ್ನು ಮಾಡಿದವರು ಟಿಬೆಟಿನಿಂದ ಬಂದಿದ್ದ ಒಬ್ಬ ವೃದ್ಧರು. ಕೆಳಗಿನ ಪಟ್ಟಿಯನ್ನು ಮಾಡಿದವಳು ಹಳಿಯಾಳದ ನೀಲಾಂಬಿಕಾ, ನನ್ನ ವಿದ್ಯಾರ್ಥಿನಿ. ಅದು ಅವಳ ಡಿಪ್ಲೊಮಾ ಪರೀಕ್ಷೆಯ ಕೃತಿಯಾಗಿತ್ತು. ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಹಲಗೆ ಬರಿದಾಗಿತ್ತು.

ಇದನ್ನು ಬರೆಯಬೇಕೆಂದು ಅನ್ನಿಸಿದ್ದು ಕಳೆದ ಮಳೆಗಾಲದಲ್ಲಿ. ದಾಂಡೇಲಿಯಲ್ಲಿ ಬಸ್ಸು ಕೆಟ್ಟು ನಿಂತಿತ್ತು. ಕಟ್ಟಿಗೆ ಕೊಯ್ಯುವ ಮಿಲ್ಲೊಂದರ ಗೋಡೆಯ ಪಕ್ಕದಲ್ಲಿ ಛತ್ರಿ ಹಿಡಿದು ನಿಂತಿದ್ದೆ. ಒಳಗೆ ರಾಶಿ ಹಾಕಿದ್ದ ಮರದಪುಡಿಯ ಮೇಲೆ ಮಳೆ ಬೀಳುತ್ತಿತ್ತು. ಒದ್ದೆಯಾದ ಸಾಗವಾನಿ ಪುಡಿಗೆ ಒಂದು ವಾಸನೆ ಇದೆ, ಸ್ವಲ್ಪ ಹುಳಿ, ಸ್ವಲ್ಪ ಚರ್ಮ. ಆ ವಾಸನೆ ಮೂಗಿಗೆ ತಾಕಿದೊಡನೆ ನನ್ನ ಬೆರಳ ತುದಿಗಳು ತಣ್ಣಗಾದವು. ಮಳೆಯಿಂದ ಅಲ್ಲ. ಆ ಬೇಸಿಗೆಯಲ್ಲಿ ಮರದಪುಡಿಯೊಳಗೆ ಕೈ ಹಾಕಿದಾಗಲೆಲ್ಲ ಅಲ್ಲಿ ಮಂಜುಗಡ್ಡೆ ಇರುತ್ತಿತ್ತು.

ನಾನು ಆಗ ಧಾರವಾಡದ ಕಡೆಯ ಒಂದು ಕಲಾ ಕಾಲೇಜಿನಲ್ಲಿ ಶಿಲ್ಪದ ಪ್ರಾಧ್ಯಾಪಕ. ಶಿಲ್ಪ ವಿಭಾಗ ಎಂದರೆ ತಗಡಿನ ಶೆಡ್ಡು, ಮಣ್ಣು ನೆನೆಹಾಕುವ ತೊಟ್ಟಿ, ಗೋಡೆಯುದ್ದಕ್ಕೂ ಒಂದು ಕಪಾಟು. ಕಪಾಟಿನಲ್ಲಿ ಡಿಪ್ಲೊಮಾ ಪಡೆದವರ ಕೃತಿಗಳು ವರ್ಷವಾರು ಸಾಲಾಗಿ ಇದ್ದವು. ಪಾಸಾದ ಪ್ರತಿಯೊಬ್ಬರೂ ತಮ್ಮ ಪರೀಕ್ಷೆಯ ಕೃತಿಯನ್ನು ವಿಭಾಗಕ್ಕೆ ಬಿಟ್ಟು ಹೋಗಬೇಕು ಎಂಬುದು ನಿಯಮ. ಹೊಸ ವಿದ್ಯಾರ್ಥಿಗಳಿಗೆ ಮೊದಲ ಪಾಠವನ್ನು ನಾನು ಆ ಕಪಾಟಿನ ಮುಂದೆ ನಿಂತೇ ಹೇಳುತ್ತಿದ್ದೆ. ಗಟ್ಟಿ ಎಂದರೇನು, ಭಾರ ಯಾವ ಕಡೆ ಬೀಳುತ್ತದೆ, ಮಣ್ಣಿನ ಒಳಗಿನ ತಂತಿಯ ಹಂದರ ಮುರಿದರೆ ಏನಾಗುತ್ತದೆ, ಎಲ್ಲಕ್ಕೂ ಅಲ್ಲಿ ಉದಾಹರಣೆ ಸಿಗುತ್ತಿತ್ತು.

ಚಳಿಗಾಲದಲ್ಲಿ ಕೊನೆಯ ವರ್ಷದವರನ್ನು ಕರೆದುಕೊಂಡು ದಾಂಡೇಲಿಗೆ ಹೋಗಿ ಮರ ಆರಿಸಿ ತರುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಕೊರಡನ್ನು ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಆರಿಸಬೇಕು. ನೀಲಾಂಬಿಕಾ ಆರಿಸಿದ ಸಾಗವಾನಿ ಕೊರಡು ಗಂಟೆಯಂತೆ ದನಿ ಕೊಟ್ಟಿತ್ತು. ಅದರಲ್ಲಿ ಅವಳು ತಲೆಯ ಮೇಲೆ ಬೆಣ್ಣೆಯ ಗಡಿಗೆ ಹೊತ್ತ ಗೌಳಿ ಹೆಂಗಸನ್ನು ಕೆತ್ತತೊಡಗಿದಳು. ಜನವರಿ ಮುಗಿಯುವ ಹೊತ್ತಿಗೆ ಮುಖ, ಕುತ್ತಿಗೆ, ಎತ್ತಿದ ಕೈ ಬಂದಿದ್ದವು. ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಕುತ್ತಿಗೆಯಿಂದ ಸೊಂಟದವರೆಗೆ ಬಿರುಕು ಬಿಟ್ಟಿತ್ತು. ಮರದ ತಿರುಳಿನಲ್ಲೇ ಯಾರಿಗೂ ಕೇಳಿಸದ ಒಡಕು ಇತ್ತು.

ಅವಳು ಅಳಲಿಲ್ಲ. ಬಿರುಕಿನೊಳಗೆ ಬೆರಳು ಹಾಕಿ ನೋಡಿ, "ಸರ್, ನಮ್ಮಪ್ಪಗ ಏನ ಹೇಳ್ಲಿ?" ಎಂದಳು.

ಅಪ್ಪ ಬಸಲಿಂಗಪ್ಪನವರಿಗೆ ಹಳಿಯಾಳದ ಪೇಟೆಯಲ್ಲಿ ಕಿರಾಣಿ ಮತ್ತು ಎಣ್ಣೆಯ ಅಂಗಡಿ ಇತ್ತು. ಹಣೆತುಂಬ ವಿಭೂತಿ, ಮಾತಿನ ತುಂಬ ಚುಚ್ಚು. ಮಗಳು ಕಲ್ಲು ಕಟ್ಟಿಗೆ ಕೆತ್ತುವುದಕ್ಕೆ ಅವರು ಒಪ್ಪಿದ್ದೇ ಒಂದು ಕರಾರಿನ ಮೇಲೆ. ಹಳಿಯಾಳದ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರಿಣಿಯ ಜಾಗ ಖಾಲಿ ಇತ್ತು. ಜೂನ್ ತಿಂಗಳೊಳಗೆ ಡಿಪ್ಲೊಮಾ ಕೈಗೆ ಬಂದರೆ ಆ ಜಾಗ ಅವಳದು. ಬಾರದಿದ್ದರೆ ಬೆಳಗಾವಿಯ ಸಂಬಂಧ ಗಟ್ಟಿ. ಗಂಡಿನ ಕಡೆಯವರು ಆಗಲೇ ಒಮ್ಮೆ ಬಂದು ಚಹಾ ಕುಡಿದು ಹೋಗಿದ್ದರು.

ಇನ್ನೊಂದು ಕೊರಡು ಒಣಗಿಸಿ ಕೆತ್ತಲು ಸಮಯ ಇರಲಿಲ್ಲ. ಮಣ್ಣಿನಲ್ಲಿ ಏನಾದರೂ ಮಾಡು ಎಂದು ಹೇಳಿ ಅವಳನ್ನು ಊರಿಗೆ ಕಳಿಸಿದೆ. ಅವಳು ಊರಿಗೆ ಹೋಗದೆ ಮುಂಡಗೋಡದ ಹತ್ತಿರದ ಸನವಳ್ಳಿಯಲ್ಲಿದ್ದ ಸೋದರತ್ತೆಯ ಮನೆಗೆ ಹೋದಳು. ಮುಂದಿನ ಶನಿವಾರ ನಾನು ಅಲ್ಲಿಗೆ ಹೋದಾಗ, "ಸರ್, ಒಂದು ತೋರಸ್ತೇನಿ, ಬರ್ರಿ. ಬೈಬ್ಯಾಡ್ರಿ ಮತ್ತ" ಎಂದು ವಸತಿಯ ಕಡೆ ಕರೆದುಕೊಂಡು ಹೋದಳು.

ಟಿಬೆಟನ್ನರು ಅಲ್ಲಿಗೆ ಬಂದು ಬಹಳ ಕಾಲವಾಗಿರಲಿಲ್ಲ. ಕಾಡು ಕಡಿದ ಜಾಗದಲ್ಲಿ ಬೊಡ್ಡೆಗಳು ಇನ್ನೂ ಉಳಿದಿದ್ದವು. ಹಂಚಿನ ಮನೆಗಳ ನಡುವೆ ಒದ್ದೆ ಗೋಣಿತಾಟು ಇಳಿಬಿಟ್ಟ ಒಂದು ಗುಡಿಸಲು. ಒಳಗೆ ಹೊಳೆಯ ತಳದಂಥ ಮಬ್ಬು ಬೆಳಕು. ಆ ಬೆಳಕಿನಲ್ಲಿ ಒಬ್ಬ ವೃದ್ಧರು ಬೋಗುಣಿಯ ನೀರಿನಲ್ಲಿ ಕೈ ಅದ್ದಿ, ತೆಗೆದು, ಹೆಬ್ಬೆರಳಿನಿಂದ ಬಿಳಿಯ ಉಂಡೆಯೊಂದನ್ನು ಒತ್ತುತ್ತಿದ್ದರು. ಒತ್ತಿದ ಪ್ರತಿ ಸಲವೂ ಒಂದು ಎಸಳು. ನಾನು ಬಂದದ್ದನ್ನು ಅವರು ನೋಡಲಿಲ್ಲ. ಹೂವು ಅರಳುವುದನ್ನು ನಾನು ನೋಡುತ್ತಿದ್ದೆ. ಅರಳಿ ಮುಗಿಯುವ ಹೊತ್ತಿಗೆ ಮೊದಲ ಎಸಳು ಬಾಗಿ ಜಾರಿತು.

"ಬಿಸಿ" ಎಂದರು ಅವರು. ಅವರಿಗೆ ಬರುತ್ತಿದ್ದ ಕನ್ನಡದ ಕೆಲವೇ ಶಬ್ದಗಳಲ್ಲಿ ಅದೊಂದು.

ಉಳಿದದ್ದನ್ನು ಹೇಳಿದವನು ತಾಶಿ. ಮುಂಡಗೋಡದ ಸಂತೆಯಲ್ಲಿ ಸ್ವೆಟರ್ ಮಾರುತ್ತ ಕನ್ನಡ ಕಲಿತ ತರುಣ. ವೃದ್ಧರನ್ನು ಅವನು ಗೆನ್‌ಲಾ ಎನ್ನುತ್ತಿದ್ದ, ಗುರುಗಳೇ ಎಂದು ಅರ್ಥ. ಸಂತೆಯವರು ಬೆಣ್ಣಿ ಅಜ್ಜ ಎನ್ನುತ್ತಿದ್ದರು. ಅವರ ಹೊಸ ವರ್ಷದ ಹದಿನೈದನೆಯ ದಿನ, ಮೊದಲ ಹುಣ್ಣಿಮೆಯ ಸಂಜೆ, ಬೆಣ್ಣೆಯ ಶಿಲ್ಪವನ್ನು ದೇವರ ಮುಂದೆ ನಿಲ್ಲಿಸಬೇಕು, ಬೆಳಗಾಗುವ ಮುಂಚೆ ಇಳಿಸಬೇಕು. ಅವರ ಊರಿನಲ್ಲಿ ಅದು ಕೊರೆಯುವ ಚಳಿಯ ಕಾಲ. ಆದರೂ ಬೆಣ್ಣೆ ಮೆತ್ತಗಾಗಬಾರದೆಂದು ಹಿಮದ ನೀರಿನಲ್ಲಿ ಕೈ ಅದ್ದಿಕೊಂಡೇ ಕೆಲಸ. ಗೆನ್‌ಲಾ ಅವರ ಎಡಗೈ ಕಿರುಬೆರಳಿಗೆ ತುದಿ ಇರಲಿಲ್ಲ. ಅದು ಆ ನೀರಿನಿಂದಲೇ ಹೋದದ್ದು ಎಂದು ತಾಶಿ ಹೇಳಿದ. ನಾನು ಅವರನ್ನೇ ಕೇಳಿ ಖಚಿತಪಡಿಸಿಕೊಳ್ಳಲಿಲ್ಲ.

ಹಿಂದಿನ ವರ್ಷ ಇಲ್ಲಿ ಮೊದಲ ಸಲ ಪ್ರಯತ್ನ ನಡೆದಿತ್ತು. ಚಂದ್ರ ಮೂಡುವ ಮುಂಚೆಯೇ ಎಲ್ಲವೂ ಹಲಗೆ ಬಿಟ್ಟು ಇಳಿದಿತ್ತು. "ಅಜ್ಜ ಎಲ್ಲಾ ಬಳದು ಹಾಕ್ದ" ಎಂದ ತಾಶಿ. "ಈ ಸಲಾನೂ ಬಿದ್ರ ಇನ್ನ ಮಾಡಂಗಿಲ್ಲ ಅಂತಾನ. ಅವನ್ನ ಬಿಟ್ಟ್ರ ಇಲ್ಲಿ ಯಾರಿಗೂ ಬರಂಗಿಲ್ಲ."

ಗುಡಿಸಲಿನಿಂದ ಹೊರಗೆ ಬಂದ ಮೇಲೆ ನೀಲಾಂಬಿಕಾ ಹೇಳಿದಳು: "ಸರ್, ನಂದೂ ಇದಽ."

"ಏನಿದಽ?"

"ಪರೀಕ್ಷಾ."

ಪ್ರಾಧ್ಯಾಪಕನಾಗಿ ನಾನು ಹೇಳಬೇಕಾದದ್ದನ್ನು ಹೇಳಿದೆ. ಪರೀಕ್ಷಕರು ಬರುವುದು ಏಪ್ರಿಲ್‌ನಲ್ಲಿ. ಏಪ್ರಿಲ್‌ನಲ್ಲಿ ಬೆಣ್ಣೆ ಇರುವುದಿಲ್ಲ. ಅವಳು ಯೋಚಿಸಿಕೊಂಡೇ ಬಂದಿದ್ದಳು. ಗುಡಿಯ ಕಂಬ, ಗೋಡೆಯ ಉಬ್ಬುಶಿಲ್ಪ ಇಂಥ ಸ್ಥಳಾಂತರಿಸಲಾಗದ ಕೃತಿಗಳಿದ್ದರೆ ಪರೀಕ್ಷಕರೇ ಸ್ಥಳಕ್ಕೆ ಹೋಗಿ ನೋಡಬಹುದು ಎಂದು ನಮ್ಮ ನಿಯಮದಲ್ಲಿ ಇತ್ತು. "ಇದನ್ನೂ ಎತ್ತಿ ತರಾಕ ಬರೂದಿಲ್ಲಲ್ರಿ" ಎಂದಳು.

ಪ್ರಿನ್ಸಿಪಾಲರು ನನ್ನ ಮಾತು ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. "ಬೆಣ್ಣೀನ ಸ್ಥಾವರ ಅಂತ ಬರೀಬೇಕೇನ್ರಿ ನಾ?" ಎಂದು ಕೇಳಿದರು. ಬರೆದರು.

ಆಮೇಲಿನ ವಾರಗಳನ್ನು ನೆನೆದರೆ ಅವು ಒಂದರ ಹಿಂದೊಂದು ಬರುವುದಿಲ್ಲ. ಎಲ್ಲವೂ ಒಟ್ಟಿಗೆ, ಆ ಗೋಣಿತಾಟಿನ ಮಬ್ಬಿನಲ್ಲಿ ತೇಲುತ್ತವೆ. ಹೊರಗೆ ಫೆಬ್ರವರಿಯ ಬಿಸಿಲು ಬೆಳ್ಳಗೆ ಕಾಯುತ್ತಿತ್ತು. ಎಲೆ ಉದುರಿಸಿದ ಮುತ್ತುಗದ ಮರಗಳು ಹೂ ತಳೆದು ಬೆಂಕಿಯಂತೆ ನಿಂತಿದ್ದವು. ಒಳಗೆ ಕೊಬ್ಬಿನ, ಮೇಣದ ವಾಸನೆ. ನೀರಿನಲ್ಲಿ ಕೈ ಅದ್ದುವ ಸಪ್ಪಳ ಬಿಟ್ಟರೆ ಬೇರೆ ಸದ್ದಿಲ್ಲ. ಮೊದಮೊದಲು ನಾನು ಶನಿವಾರದ ಬಸ್ಸಿಗೆ ಬಂದು ಭಾನುವಾರ ಮರಳುತ್ತಿದ್ದೆ. ಕೊನೆಗೆ ರಜೆ ಹಾಕಿ ಅಲ್ಲೇ ಉಳಿದೆ.

ಬೆಣ್ಣೆ ಕೊಡುತ್ತಿದ್ದವಳು ಬಾಗೂಬಾಯಿ. ಕಾಡಂಚಿನ ಗೌಳಿವಾಡದವಳು. ಎಮ್ಮೆ ಬೆಣ್ಣೆಯನ್ನು ಎಲೆಯಲ್ಲಿ ಕಟ್ಟಿ ತಲೆಯ ಮೇಲೆ ಹೊತ್ತು ತರುತ್ತಿದ್ದಳು. ನೀಲಾಂಬಿಕಾ ಕಟ್ಟಿಗೆಯಲ್ಲಿ ಕೆತ್ತಲು ಹೊರಟಿದ್ದು ಇವಳನ್ನೇ. ಬರೀ ಬೆಣ್ಣೆ ಈ ಸೆಕೆಗೆ ನಿಲ್ಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಏನು ಬೆರೆಸಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕಿರಾಣಿ ಅಂಗಡಿಯವರ ಮಗಳು ವನಸ್ಪತಿ ತುಪ್ಪದ ಡಬ್ಬಿ ತಂದಳು. ಗೆನ್‌ಲಾ ಅದನ್ನು ಮೂಸಿ, ನೆಕ್ಕಿ ನೋಡಿ, ಮುಖ ಹಿಂಡಿದರು. ಆದರೆ ಒತ್ತಿದಾಗ ಅದು ನಿಂತಿತು. ಅದಕ್ಕೆ ಬಣ್ಣದ ಪುಡಿ ಕಲಸಿದರು. ಆಮೇಲೆ ಮೇಣ ಬೇಕೆಂದರು.

ಮೇಣ ತರಲು ನಾನು ಕುಂಬಾರವಾಡಕ್ಕೆ ಹೋದೆ. ದಾಂಡೇಲಿಯಿಂದ ಸೂಪಾ ದಾಟಿ ಜೋಯ್ಡಾ, ಅಲ್ಲಿಂದ ಮುಂದೆ ಯಾವಾಗಲೋ ಬರುವ ಒಂದು ಬಸ್ಸು. ಸೂಪಾದಲ್ಲಿ ಕಾಳಿ ನದಿಯ ದಂಡೆಗೆ ಬಸ್ಸು ನಿಂತಾಗ ಪ್ರಯಾಣಿಕರೆಲ್ಲ ಇಳಿದು ಚಹಾ ಕುಡಿದರು. ಮನೆಗಳ ಹಂಚಿನ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು. ಆ ಅಂಗಡಿ, ಆ ಹಂಚು, ಬಸ್ಸು ಹೋದ ಆ ರಸ್ತೆ ಈಗ ಅಣೆಕಟ್ಟಿನ ನೀರಿನಡಿ ಇವೆ. ಕುಂಬಾರವಾಡದಲ್ಲಿ ಬೆಳಗಿನ ಮಂಜು ಗದ್ದೆಯ ಕೂಳೆಯ ಮೇಲೆ ಹಾಲಿನ ಕೆನೆಯಂತೆ ನಿಂತಿತ್ತು. ಜೇನುಮೇಣದ ಗಟ್ಟಿಗಳನ್ನು ಕೊಟ್ಟ ಮುದುಕಿ ಕೊಂಕಣಿಯಲ್ಲಿ, ಯಾತಕ್ಕೆ ಎಂದು ಕೇಳಿದಳು. ದೇವರು ಮಾಡಲಿಕ್ಕೆ ಎಂದೆ. "ಮೇಣಾಚೊ ದೇವ್?" ಎಂದು ಬೊಚ್ಚು ಬಾಯಿ ತೆರೆದು ನಕ್ಕು, ಇನ್ನೊಂದು ಗಟ್ಟಿ ಸೇರಿಸಿ ಕೊಟ್ಟಳು.

ಮಂಜುಗಡ್ಡೆ ಬರುತ್ತಿದ್ದುದು ಹುಬ್ಬಳ್ಳಿಯಿಂದ. ತಂದುಕೊಡುತ್ತಿದ್ದವನು ಪೆದ್ರು, ಹಳಿಯಾಳ ಕಡೆಯ ಸಿದ್ದಿ, ಕಟ್ಟಿಗೆ ಸಾಗಿಸುವ ಲಾರಿಯ ಡ್ರೈವರ್. ಹುಬ್ಬಳ್ಳಿಯಲ್ಲಿ ಮರ ಇಳಿಸಿ ಮುಂಡಗೋಡದ ಕಾಡಿಗೆ ಖಾಲಿ ಮರಳುವಾಗ ಗಡ್ಡೆಗಳನ್ನು ದಾಂಡೇಲಿಯ ಮರದಪುಡಿಯಲ್ಲಿ ಹೂತು ತರುತ್ತಿದ್ದ.

"ಸರಽ, ಹುಬ್ಬಳ್ಳ್ಯಾಗ ಹತ್ತಿದಾಗ ಎಮ್ಮಿಯಷ್ಟ ಇತ್ತು" ಎನ್ನುತ್ತಿದ್ದ ಇಳಿಸುವಾಗ. "ತಡಸದಾಗ ಕರುವಾತು. ಇಲ್ಲಿ ನೋಡ್ರಿ, ಬೆಕ್ಕು."

ಗುಡಿಸಲಿನ ಹಿಂದೆ ತಗ್ಗು ತೋಡಿ ಮರದಪುಡಿ ತುಂಬಿ ಅದರಲ್ಲಿ ಗಡ್ಡೆ ಇಡುತ್ತಿದ್ದೆವು. ಶಿಲ್ಪದವನಾಗಿ ನನಗೆ ಹೊಳೆದದ್ದು ಒಂದೇ. ಮಣ್ಣಿನ ಮೂರ್ತಿಗೆ ಒಳಗಿನಿಂದ ತಂತಿಯ ಹಂದರ ಕೊಡುವ ಹಾಗೆ ಬೆಣ್ಣೆಗೆ ಹಿಂದಿನಿಂದ ತಂಪು ಕೊಡಬೇಕು. ಎರಡು ಸಾಗವಾನಿ ಹಲಗೆಗಳ ನಡುವೆ ಸಂದು ಬಿಟ್ಟು ಪೆಟ್ಟಿಗೆ ಮಾಡಿಸಿದೆ. ಸಂದಿನಲ್ಲಿ ಮಂಜುಗಡ್ಡೆಯ ಚೂರು, ಕೆಳಗೆ ನೀರು ಹೋಗಲು ತೂತು. ಗೆನ್‌ಲಾ ಹಲಗೆಗೆ ಕೆನ್ನೆ ಹಚ್ಚಿ ಬಹಳ ಹೊತ್ತು ನಿಂತರು. ಆಮೇಲೆ ತಾಶಿಗೆ ಏನೋ ಹೇಳಿದರು.

"ಊರಿನ ಗೋಡಿ ಹಂಗ ಐತಿ ಅಂತಾನ" ಎಂದ ತಾಶಿ.

ನೀಲಾಂಬಿಕಾಳ ಕಲಿಕೆ ಮಾತ್ರ ಸುಲಭವಾಗಿರಲಿಲ್ಲ. ನಾನು ಅವಳಿಗೆ ಮೂರು ವರ್ಷ ಕಲಿಸಿದ್ದು ಬೇಡವಾದದ್ದನ್ನು ತೆಗೆಯುವುದನ್ನು. ಉಳಿ ಹಿಡಿದ ಕೈ ಬೆಣ್ಣೆಯನ್ನೂ ಕೆತ್ತಲು ಹೋಗುತ್ತಿತ್ತು. ಗೆನ್‌ಲಾ ಅವಳ ಕೈಯಿಂದ ಉಪಕರಣ ತೆಗೆದಿಟ್ಟು ಹೆಬ್ಬೆರಳನ್ನು ಹಿಡಿದು ಒತ್ತಿಸುತ್ತಿದ್ದರು. ಒಮ್ಮೆ ಒತ್ತಿದ ಮೇಲೆ ತಿದ್ದುವ ಹಾಗಿಲ್ಲ, ತಿದ್ದುವಷ್ಟರಲ್ಲಿ ಬೆರಳು ಬಿಸಿಯಾಗುತ್ತದೆ. ತಪ್ಪಿದರೆ ಕಿತ್ತು ಮತ್ತೆ ಉಂಡೆ ಮಾಡು. ಅವಳ ಕೈ ಕೆಂಪಗಾಗಿ, ಚರ್ಮ ಒಡೆದು, ಸಂಜೆ ರೊಟ್ಟಿ ಮುರಿಯಲಾಗದೆ ಅತ್ತೆ ತುತ್ತು ಮಾಡಿ ಕೊಡುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಒತ್ತಿದ ಎಮ್ಮೆಯ ಕೊಂಬನ್ನು ಗೆನ್‌ಲಾ ತಿರುಗಿಸಿ ತಿರುಗಿಸಿ ನೋಡಿ, ಕಿತ್ತು ಹಾಕದೆ ಹಲಗೆಯ ಮೇಲೆ ಇಟ್ಟರು. ಅಂದಿನಿಂದ ಕೆಳಗಿನ ಪಟ್ಟಿ ಅವಳದಾಯಿತು.

ಅಲ್ಲಿ ಅವಳು ಎಮ್ಮೆಗಳ ಸಾಲು ಮಾಡಿದಳು, ಮುತ್ತುಗದ ಹೂ ಮಾಡಿದಳು, ನಡುವೆ ತಲೆಯ ಮೇಲೆ ಗಡಿಗೆ ಹೊತ್ತ ಹೆಂಗಸು. ಬಾಗೂಬಾಯಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಗ ಪೋರಿ, ನನ್ನ ಬೆಣ್ಣೀಲೇನಽ ನನ್ನ ಮಾಡೀ? ಮೂಗ ಯಾಕ ಇಷ್ಟ ದೊಡ್ಡದು?"

"ನಿನ್ನ ಮೂಗು ಇರೂದಽ ಹಂಗ."

"ನನ್ನ ಗಂಡ ಒಂದಿನಾನೂ ಹೇಳಿಲ್ಲ."

"ಅವ ನಿನ್ನ ಮೂಗು ಎಲ್ಲಿ ನೋಡ್ಯಾನ? ಎಮ್ಮಿ ಮೂಗು ನೋಡ್ತಾನ."

ಬಾಗೂಬಾಯಿ ನಗುತ್ತ ಅವಳ ಬೆನ್ನಿಗೆ ಒಂದು ಗುದ್ದಿದಳು. ಗೆನ್‌ಲಾ ಏನೂ ತಿಳಿಯದಿದ್ದರೂ ಜೊತೆಗೆ ನಕ್ಕರು.

ಬಸಲಿಂಗಪ್ಪನವರು ಬಂದದ್ದು ವನಸ್ಪತಿ ಡಬ್ಬಿಗಳು ಅಂಗಡಿಯಿಂದ ಕಾಣೆಯಾಗುತ್ತಿವೆ ಎಂದು ತಿಳಿದ ಮೇಲೆ. ಒದ್ದೆ ಗೋಣಿ ಸರಿಸಿ ಒಳಗೆ ಬಂದವರು ಮೊದಲು ನನ್ನನ್ನು, ಆಮೇಲೆ ಹಲಗೆಯನ್ನು ನೋಡಿದರು.

"ನಮ್ಮ ಹನುಮಪ್ಪಗೂ ಬೆಣ್ಣಿ ಬಡೀತಾರ್ರಿ ಸರ್. ಆದ್ರ ಒಳಗ ಕಲ್ಲ ಹನುಮಪ್ಪ ಇರ್ತಾನ. ಇದರೊಳಗ ಏನೈತಿ?"

"ಬೆಣ್ಣಿನಽ ಐತೆಪ್ಪಾ" ಎಂದಳು ಮಗಳು.

"ಇದು ಕರಗಿದ ಮ್ಯಾಲೆ ಕಾಲೇಜಿಗೆ ಏನ ಕೊಡ್ತಿ? ಡಬ್ಬಿ ಕೊಡ್ತೀ?"

ಅವಳು ಮುಂದಿನ ಉಂಡೆ ತೆಗೆದುಕೊಂಡಳು. ಅವರು ಹೋಗುವಾಗ ನನ್ನನ್ನು ಹೊರಗೆ ಕರೆದು, ದನಿ ಇಳಿಸಿ ಹೇಳಿದರು: "ಬೆಳಗಾವಿಯವ್ರು ಛಲೋ ಮಂದಿ ಅದಾರ್ರಿ. ಆದ್ರ ಆಕಿಗೆ ಮನಸಿಲ್ಲ, ನನಗ ತಿಳೀತೈತಿ. ಪಾಸಾತು ಅಂದ್ರ ನಾ ಬ್ಯಾಡ ಅನ್ನಂಗಿಲ್ಲ. ಆಗಲಿಲ್ಲ ಅಂದ್ರ ನಾ ಕೊಟ್ಟ ಮಾತು ನಾ ನಡಸಬೇಕಾಗ್ತೈತಿ." ಪರೀಕ್ಷಕರಿಗೆ ತಿಳಿಸಬೇಕಾದ ದಿನವನ್ನು ಪಂಚಾಂಗ ನೋಡಿ ಹೇಳಿದವರೂ ಅವರೇ. ಟಿಬೆಟನ್ನರ ಹುಣ್ಣಿಮೆ ಎಂದರೆ ನಮ್ಮ ಹೋಳಿ ಹುಣ್ಣಿಮೆ. ತಾಶಿಯೂ ಹೂಂ ಎಂದ. ಆಕಾಶದಲ್ಲಿ ಇರುವ ಚಂದ್ರ ಒಬ್ಬನೇ ಆದ್ದರಿಂದ ಯಾರೂ ಮತ್ತೊಮ್ಮೆ ಕೇಳಲಿಲ್ಲ.

ಪರೀಕ್ಷಕರು ಹೋಳಿ ಹುಣ್ಣಿಮೆಯ ಮಧ್ಯಾಹ್ನ ಬಂದರು. ಬಿಳಿ ಧೋತರ, ಮುಚ್ಚುಕೊರಳಿನ ಬಿಳಿ ಕೋಟು. ಹೆಸರಾಂತ ಶಿಲ್ಪಿ, ಕಂಚಿನ ಕೆಲಸದವರು, ಮಾತಿನಲ್ಲಿ ಮರಾಠಿಯ ಛಾಯೆ. ಗುಡಿಸಲಿಗೆ ಕರೆದುಕೊಂಡು ಹೋದಾಗ ಹಲಗೆಯ ಮೇಲೆ ಅರ್ಧದಷ್ಟೂ ಏರಿರಲಿಲ್ಲ. ಹೂಗಳು, ಎಮ್ಮೆಗಳು ಇನ್ನೂ ತಟ್ಟೆಗಳಲ್ಲಿ, ಮಂಜುಗಡ್ಡೆಯ ಪಕ್ಕದಲ್ಲಿ ಮಲಗಿದ್ದವು.

"ನಾಳೆ" ಎಂದ ತಾಶಿ. "ಅಜ್ಜನ ಹದಿನೈದು ನಾಳೆ."

ಆಗ ತಿಳಿಯಿತು. ನಮ್ಮವರು ಕಾಮನನ್ನು ಸುಡುವುದು ಹುಣ್ಣಿಮೆಯ ತಿಥಿ ಸಂಜೆಯ ಹೊತ್ತಿಗೆ ಇರುವ ದಿನ. ಟಿಬೆಟನ್ನರು ಎಣಿಸುವುದು ಆ ತಿಥಿ ಇರುವಾಗ ಸೂರ್ಯ ಹುಟ್ಟಿದ ದಿನವನ್ನು. ಆ ವರ್ಷ ಎರಡೂ ಬೇರೆ ಬೇರೆಯಾಗಿದ್ದವು.

"ಹುಣ್ಣಿಮಿ ಎರಡ ಇರ್ತಾವೇನಲೇ ಒಂದಽ ಊರಾಗ?" ಎಂದು ಬಸಲಿಂಗಪ್ಪ ತಾಶಿಯ ಮೇಲೆ ಹರಿಹಾಯ್ದರು. "ನನ್ನ ಮಗಳ ನಸೀಬ ನಿಮ್ಮ ಲೆಕ್ಕದಾಗ ಹೋತಲ್ಲೋ!"

ತಾಶಿ ಮೆಲ್ಲಗೆ, "ನಿಮ್ಮ ಲೆಕ್ಕದಾಗ ಹೋತು" ಎಂದ.

ಪರೀಕ್ಷಕರು ಕಟುವಾಗಿ ಮಾತಾಡಿದವರಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಬೇಕು, ಮರುದಿನ ಬೇರೆ ಊರಿನಲ್ಲಿ ಪರೀಕ್ಷೆ ಇದೆ ಎಂದರು. "ಪ್ರೊಫೆಸರ್, ನಾನು ಕಂಡದ್ದನ್ನ ಬರೀಬೇಕು. ಕೃತಿ ಅಪೂರ್ಣ ಅದ. ಅಪೂರ್ಣಕ್ಕ ಗುಣ ಇಲ್ಲ, ಮಾರ್ಕು ಇಲ್ಲ. ಮುಂದಿನ ವರ್ಷ ಪರೀಕ್ಷಾಕ್ಕ ಕೂಡಲಿ." ನೀಲಾಂಬಿಕಾ ಕೇಳಿಸಿಕೊಂಡಳು. ಬೋಗುಣಿಯಲ್ಲಿ ಕೈ ಅದ್ದಿ, ತೆಗೆದು, ಮುಂದಿನ ಎಸಳನ್ನು ಒತ್ತಿದಳು. ಗೆನ್‌ಲಾ ಅವಳ ಮುಖವನ್ನಾಗಲಿ ನಮ್ಮ ಮುಖವನ್ನಾಗಲಿ ನೋಡದೆ ತಟ್ಟೆಯನ್ನು ಅವಳ ಹತ್ತಿರ ಸರಿಸಿದರು.

ಆ ಸಂಜೆ ಮುಂಡಗೋಡದ ಓಣಿ ಓಣಿಯಲ್ಲಿ ಕಾಮನನ್ನು ಸುಟ್ಟರು. ಪ್ರವಾಸಿ ಬಂಗಲೆಯ ಪಡಸಾಲೆಯಲ್ಲಿ ಪರೀಕ್ಷಕರೂ ನಾನೂ ಕುಳಿತು ಹೋಳಿಯ ಹಲಗೆವಾದ್ಯದ ಬಡಿತ ಕೇಳಿದೆವು. ಹೊಗೆಯ ಆಚೆ ಚಂದ್ರ ತುಂಬಿದಂತೆಯೇ ಕಾಣುತ್ತಿದ್ದ.

ಬೆಳಿಗ್ಗೆ ಅವರು ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದರು. ಬಸ್ಸು ಇರಲಿಲ್ಲ. ಅದು ಓಕುಳಿಯ ದಿನ. ತರುಣರು ಹುಬ್ಬಳ್ಳಿ ರಸ್ತೆಗೆ ಅಡ್ಡವಾಗಿ ದಿಮ್ಮಿ ಕೆಡವಿ ಬಣ್ಣದ ಬಾನಿ ಇಟ್ಟುಕೊಂಡು ನಿಂತಿದ್ದರು. ಆ ದಿನ ಯಾವ ಬಸ್ಸೂ ಬರುವುದಿಲ್ಲ ಎಂಬುದು ಊರಿನವರಿಗೆಲ್ಲ ಎಷ್ಟು ಸಹಜವಾಗಿತ್ತೆಂದರೆ ಅದನ್ನು ಪರೀಕ್ಷಕರಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವರು ಬಂಗಲೆಗೆ ಮರಳಿದಾಗ ಬಿಳಿ ಕೋಟು ಗುಲಾಬಿಯಾಗಿತ್ತು, ಒಂದು ಕಿವಿ ಹಸಿರು.

"ಅಹೋ ಪ್ರೊಫೆಸರ್, ಇದು ಎಂಥ ಊರು?" ಎಂದರು. ನಗಬೇಕೋ ಬೈಯಬೇಕೋ ಅವರಿಗೇ ತಿಳಿದಂತಿರಲಿಲ್ಲ.

ಪರೀಕ್ಷಕರು ಉಳಿದರು. ಆದರೆ ಅವರನ್ನು ಉಳಿಸಿಕೊಂಡ ಆ ದಿಮ್ಮಿಯೇ ಪೆದ್ರುವಿನ ಲಾರಿಯನ್ನೂ ತಡೆದಿತ್ತು. ಮಧ್ಯಾಹ್ನದ ಹೊತ್ತಿಗೆ ತಗ್ಗಿನ ಮರದಪುಡಿಯಲ್ಲಿ ಕೈಯಾಡಿಸಿದರೆ ಹಿಡಿಯಷ್ಟು ಚೂರುಗಳು ಸಿಕ್ಕವು. ಹಲಗೆಯ ಹಿಂದೆ ಇಟ್ಟದ್ದು ಕರಗುತ್ತಿತ್ತು, ಕೆಳಗಿನ ತೂತಿನಿಂದ ನೀರು ಎಡೆಬಿಡದೆ ತೊಟ್ಟಿಕ್ಕುತ್ತಿತ್ತು. ಮೇಲಿನ ಸಾಲಿನ ಹೂಗಳ ಮೈಮೇಲೆ ಬೆವರಿನಂಥ ಹೊಳಪು ಬಂದಿತ್ತು. ಗೆನ್‌ಲಾ ಏರಿಸುವುದನ್ನು ನಿಲ್ಲಿಸಿ ಕುಳಿತರು. ನೀಲಾಂಬಿಕಾ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಬಸಲಿಂಗಪ್ಪನವರು ಒಳಗೆ ಬಂದು ಗೋಣಿತಾಟಿನ ಮೇಲೆ ಕೊಡದಿಂದ ನೀರು ಸುರಿದರು. ಮತ್ತೆ ಬಾವಿಗೆ ಹೋದರು. ಮತ್ತೆ ಸುರಿದರು.

ಬಿಸಿಲು ಇಳಿಯುವಾಗ ಲಾರಿಯ ಸದ್ದು ಕೇಳಿತು. ಪೆದ್ರು ಇಳಿದ. ಅವನ ಹಲ್ಲು ಬಿಟ್ಟು ಉಳಿದದ್ದೆಲ್ಲ ಬಣ್ಣ.

"ಸರಽ, ಬರ್ಫ ತಂದೇನಿ. ಅವ್ರು ಬಿಡಲಿಲ್ಲ. ಬರ್ಫಕ್ಕೂ ಓಕುಳಿ ಆಡ್ಯಾರ!"

ಮರದಪುಡಿ ಸರಿಸಿದೆವು. ಗಡ್ಡೆ ಗುಲಾಬಿಯಾಗಿತ್ತು. ಬಣ್ಣದ ನೀರು ಸಂದಿಗೊಂದಿಗೆ ಇಳಿದು ಒಳಗೆಲ್ಲ ಎಳೆ ಎಳೆಯಾಗಿ ಹರಡಿತ್ತು. ಸಂಜೆಯ ಬೆಳಕು ಅದರ ಮೂಲಕ ಹಾದು ಪೆದ್ರುವಿನ ಕೈಮೇಲೆ, ಗೆನ್‌ಲಾ ಅವರ ಮುಖದ ಮೇಲೆ ಬಿತ್ತು. ಕೆಲವು ಕ್ಷಣ ಯಾರೂ ಅದನ್ನು ಒಡೆಯಲಿಲ್ಲ. ಗೆನ್‌ಲಾ ಎರಡೂ ಅಂಗೈಗಳನ್ನು ಅದರ ಮೇಲಿಟ್ಟು ಕಣ್ಣು ಮುಚ್ಚಿದರು. ಆಮೇಲೆ ನಾನೇ ಸುತ್ತಿಗೆ ತೆಗೆದುಕೊಂಡೆ.

ಚಂದ್ರ ಮೂಡಿದಾಗ ಹಲಗೆ ನಿಂತಿತ್ತು. ಮೇಲೆ ಗೆನ್‌ಲಾ ಅವರ ಮೋಡಗಳು, ತಾವರೆಗಳು, ಶಾಂತ ಮುಖದ ದೇವತೆಗಳು. ಕೆಳಗೆ ಎಮ್ಮೆಗಳು ಮುತ್ತುಗದ ಹೂಗಳ ನಡುವೆ ನಡೆದಿದ್ದವು, ದೊಡ್ಡ ಮೂಗಿನ ಬಾಗೂಬಾಯಿ ಗಡಿಗೆ ಹೊತ್ತು ನಿಂತಿದ್ದಳು. ದೀಪಗಳನ್ನು ಕಾವು ತಾಗದಂತೆ ದೂರದಲ್ಲಿ ಇಟ್ಟಿದ್ದರು. ವಸತಿಯವರೆಲ್ಲ ಬಂದರು. ಸನವಳ್ಳಿಯವರು ಬಣ್ಣದ ಮೈಯಲ್ಲೇ ಬಂದು ಹಿಂದೆ ನಿಂತರು. ಒಬ್ಬ ಮುದುಕಿ ಟಿಬೆಟನ್ ಭಾಷೆಯಲ್ಲಿ ಏನೋ ಹೇಳುತ್ತ ಅಳುತ್ತಿದ್ದಳು. ಹಲಗೆಯ ಕೆಳಗಿನ ಬೋಗುಣಿಗೆ ಗುಲಾಬಿ ಬಣ್ಣದ ನೀರು ತೊಟ್ಟಿಕ್ಕುವ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು.

ಪರೀಕ್ಷಕರು ಮೊದಲು ದೂರದಿಂದ, ಆಮೇಲೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಅವರು ನೋಡುತ್ತಿರುವಾಗಲೇ ಮೇಲಿನ ಮೂಲೆಯ ಒಂದು ತಾವರೆ ಕಳಚಿ, ನಿಧಾನವಾಗಿ ಹಲಗೆಯ ಮೇಲೆ ಜಾರಿ, ಎಮ್ಮೆಯೊಂದರ ಬೆನ್ನಿನ ಮೇಲೆ ಬಂದು ನಿಂತಿತು. ನೀಲಾಂಬಿಕಾ ಹಿಡಿಯಲು ಕೈ ಚಾಚಿದಳು. ಗೆನ್‌ಲಾ ಜೋರಾಗಿ ನಕ್ಕರು. ಪರೀಕ್ಷಕರು ಹಿಂದಕ್ಕೆ ಸರಿದು ಮತ್ತೆ ಒಟ್ಟಿಗೆ ನೋಡಿದರು.

"ಇದು ಎಲ್ಲೀತನಕ ಇರ್ತದ?" ಎಂದು ಕೇಳಿದರು.

"ಬೆಳತನಕ" ಎಂದಳು ನೀಲಾಂಬಿಕಾ. "ಆಮ್ಯಾಲೆ ಇಳಸಬೇಕ್ರಿ. ನಿಂತಿದ್ರೂ ಇಳಸಬೇಕು."

"ನೀ ಮಾಡಿದ್ದು ಯಾವುದು, ಗುರುಗಳು ಮಾಡಿದ್ದು ಯಾವುದು?"

ಅವಳು ತೋರಿಸಿದಳು. ತಾವರೆ ಬಿದ್ದ ಎಮ್ಮೆಯ ಬೆನ್ನಿನ ಹತ್ತಿರ ಬಂದಾಗ, "ಇದು ಇಬ್ಬರದೂ" ಎಂದಳು.

ಅವರು ನನ್ನ ಕಡೆ ತಿರುಗಿದರು. "ಪ್ರೊಫೆಸರ್, ಗುಣ ಕೊಡತೇನಿ. ಪಾಸು. ಆದರ ನಿಮ್ಮ ನಿಯಮ ಅದ ಅಲ್ಲ, ಕೃತಿ ವಿಭಾಗದಾಗ ಇಡಬೇಕು ಅಂತ. ನಾನು ಸಹಿ ಮಾಡಬೇಕು. ಏನು ಇಡತೀರಿ?"

 ಹಿಂದಿನಿಂದ ಬಸಲಿಂಗಪ್ಪನವರ ದನಿ ಬಂತು:

"ಡಬ್ಬಿ ಐತಲ್ರಿ."

ಎಲ್ಲರಿಗಿಂತ ಮೊದಲು ನಕ್ಕವಳು ನೀಲಾಂಬಿಕಾ.

ಬೆಳಗಿನ ಜಾವ ಗೆನ್‌ಲಾ ಮತ್ತು ಅವಳು ಕೈಯಿಂದಲೇ ಹಲಗೆಯನ್ನು ಬಳಿದರು. ಮೋಡ, ಎಮ್ಮೆ, ಹೂ ಎಲ್ಲವೂ ಸೇರಿ ಹೆಸರಿಲ್ಲದ ಒಂದು ಬಣ್ಣವಾಯಿತು. ಹೆಚ್ಚಿನದು ದೀಪಕ್ಕೆ ಹೋಯಿತು. ಒಂದು ಡಬ್ಬಿಯಷ್ಟನ್ನು ಅವಳು ತುಂಬಿಕೊಂಡಳು.

ಗೆನ್‌ಲಾ ಆಮೇಲೆ ಕೆಲವು ವರ್ಷ ಬದುಕಿದ್ದರು, ಪ್ರತಿ ವರ್ಷವೂ ಹಲಗೆ ನಿಲ್ಲಿಸಿದರು. ಕೊನೆಕೊನೆಗೆ ಕೈ ಅದ್ದಿದವನು ತಾಶಿ. ನೀಲಾಂಬಿಕಾ ಆ ಜೂನ್‌ನಲ್ಲಿ ಹಳಿಯಾಳದ ಶಾಲೆಗೆ ಸೇರಿದಳು, ಅಲ್ಲೇ ನಿವೃತ್ತಳಾದಳು. ಹೋಳಿಯ ರಜೆಗೆ ಮುಂಡಗೋಡಕ್ಕೆ ಹೋಗುವುದನ್ನು ಬಿಟ್ಟಿಲ್ಲ. ದಿನ ಯಾವುದೆಂದು ಮೊದಲು ತಾಶಿಯನ್ನು ಕೇಳುತ್ತಾಳೆ.

ದಾಂಡೇಲಿಯಿಂದ ಮರಳಿದ ವಾರ ನಾನು ಕಾಲೇಜಿಗೆ ಹೋಗಿದ್ದೆ. ಶೆಡ್ಡಿನ ಜಾಗದಲ್ಲಿ ಈಗ ಕಟ್ಟಡ ಇದೆ. ಕಪಾಟು ಅದೇ. ಒಂದು ಸಿಮೆಂಟಿನ ತಲೆ ಮತ್ತು ಒಂದು ಕಲ್ಲಿನ ಬಸವನ ನಡುವೆ ವನಸ್ಪತಿಯ ಡಬ್ಬಿ ಇದೆ. ಚೀಟಿಯ ಮೇಲೆ ಹೆಸರು, ವರ್ಷ, ಮಾಧ್ಯಮ: ಬೆಣ್ಣೆ. ಒಳಗಿನದನ್ನು ಇರುವೆಗಳು ಎಂದೋ ಖಾಲಿ ಮಾಡಿವೆ. ಈಗಿನ ವಿದ್ಯಾರ್ಥಿಗಳು ಅದರಲ್ಲಿ ಉಳಿಗಳನ್ನು ಇಡುತ್ತಾರೆ.